ವೈರಿಂಗ್ ಗುತ್ತಿಗೆ ಕೊಡುವ ಮೊದಲು: ವಿದ್ಯುತ್ ಗುತ್ತಿಗೆದಾರರ ಅರ್ಹತೆಯನ್ನು ಪರಿಶೀಲಿಸುವ ಬಗೆ

ಹೊಸ ಮನೆ ಕಟ್ಟಿಸುವವರು ಸಿಮೆಂಟು ಯಾವ ಕಂಪನಿಯದು, ಕಬ್ಬಿಣ ಎಲ್ಲಿ ಅಗ್ಗ ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ವೈರಿಂಗ್ ಕೆಲಸವನ್ನು ಮಾತ್ರ ಗಾರೆ ಮೇಸ್ತ್ರಿ ಕರೆತಂದವರಿಗೆ ಚದರಕ್ಕೆ ಇಷ್ಟು, ಇಲ್ಲವೇ ಪಾಯಿಂಟಿಗೆ ಇಷ್ಟು ಎಂದು ಒಂದೇ ಮಾತಿನಲ್ಲಿ ಒಪ್ಪಿಸಿಬಿಡುತ್ತಾರೆ. ಗೋಡೆಯೊಳಗೆ ಮುಚ್ಚಿಹೋಗುವ ಈ ಕೆಲಸದ ದೋಷ ಗೃಹಪ್ರವೇಶದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಬಚ್ಚಲುಮನೆಯ ನಲ್ಲಿ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ, ಗೀಸರ್ ಹಾಕಿದಾಗ ಸ್ವಿಚ್ಚಿನ ಹಿಂದಿನಿಂದ ಸುಟ್ಟ ವಾಸನೆ ಬರುತ್ತದೆ. ಆ ಹೊತ್ತಿಗೆ ಕೆಲಸ ಮಾಡಿದವರು ಯಾವ ಊರಿನಲ್ಲಿದ್ದಾರೋ ಗೊತ್ತಿರುವುದಿಲ್ಲ. ಆದ್ದರಿಂದ ಗುತ್ತಿಗೆದಾರರ ಅರ್ಹತೆಯನ್ನು ತಿಳಿಯಬೇಕಾದ ಸಮಯ ಮುಂಗಡ ಕೊಡುವ ಮೊದಲಿನದು. ಕರ್ನಾಟಕದಲ್ಲಿ ಒಂದು ವಾಸದ ಮನೆಯ ಅಥವಾ ಸಣ್ಣ ಅಂಗಡಿಯ ಕೆಲಸ ಮಾಡಿಸುವವರು ಅದನ್ನು ಹೇಗೆ ತಿಳಿಯಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

ಕಾನೂನು ಕೇಳುವುದು ಮೂವರನ್ನು

ಕೇಂದ್ರ ವಿದ್ಯುತ್ ಪ್ರಾಧಿಕಾರ ವಿದ್ಯುತ್ ಸುರಕ್ಷತೆಯ ನಿಯಮಾವಳಿಯನ್ನು 2010ರಲ್ಲಿ ಹೊರಡಿಸಿತು. ಅದರ ಜಾಗದಲ್ಲಿ 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಅದಕ್ಕೂ ಹಿಂದೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೂ ಇದೇ ತತ್ತ್ವವಿತ್ತು. ಹೊಸ ವೈರಿಂಗ್ ಆಗಲಿ, ಇದ್ದ ವೈರಿಂಗಿಗೆ ಸೇರ್ಪಡೆ, ಮಾರ್ಪಾಡು ಅಥವಾ ದುರಸ್ತಿಯಾಗಲಿ, ಅದನ್ನು ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಿಸಬೇಕು. ಸಾಮರ್ಥ್ಯ ಪ್ರಮಾಣಪತ್ರವುಳ್ಳ ಮೇಲ್ವಿಚಾರಕರು ಅದರ ನೇರ ಉಸ್ತುವಾರಿ ವಹಿಸಬೇಕು. ಕೈಯಿಂದ ಕೆಲಸ ಮಾಡುವವರ ಬಳಿ ವೈರ್‌ಮನ್ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ವೈರಿಂಗಿನ ಸಾಮರ್ಥ್ಯ ಬದಲಾಗದಂತೆ ಹಳೆಯದರ ಜಾಗದಲ್ಲಿ ಹೊಸದು ಹಾಕುವಂತಹ ಸಣ್ಣ ಕೆಲಸಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಹೊಸದಾಗಿ ಗೀಸರ್ ಪಾಯಿಂಟ್ ಎಳೆಸುವುದು, ಎಸಿಗಾಗಿ ಬೇರೆ ಲೈನ್ ಹಾಕಿಸುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಪರವಾನಗಿ, ಪ್ರಮಾಣಪತ್ರ, ಪರ್ಮಿಟ್‌ಗಳ ವಿಚಾರ ಇಂಧನ ಇಲಾಖೆಯ ಅಡಿಯಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಮೈಸೂರು ಭಾಗದ ಸೆಸ್ಕ್ ವಿದ್ಯುತ್ ಸರಬರಾಜು ಮಾಡುವ ಕಂಪನಿಗಳು. ಗುತ್ತಿಗೆದಾರರಿಗೆ ಪರವಾನಗಿ ಕೊಡುವವರು ಅವರಲ್ಲ. "ನಾನು ಬೆಸ್ಕಾಂನಲ್ಲಿ ಎಲ್ಲರಿಗೂ ಗೊತ್ತು" ಎನ್ನುವ ಮಾತು ಪರವಾನಗಿಯ ಸ್ಥಾನವನ್ನು ತುಂಬುವುದಿಲ್ಲ.

ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು

ಹೊಸ ಸಂಪರ್ಕಕ್ಕೆ ಅರ್ಜಿ ಹಾಕುವಾಗ ಪರವಾನಗಿ ಪಡೆದ ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ಪೂರ್ಣಗೊಂಡ ವರದಿ ಮತ್ತು ಪರೀಕ್ಷಾ ವರದಿಯನ್ನು ಸರಬರಾಜು ಕಂಪನಿ ಕೇಳುತ್ತದೆ. ಈ ಕಾಗದ ಸಿಗದೆ ಮೀಟರ್ ಬರುವುದಿಲ್ಲ. ದುರದೃಷ್ಟವಶಾತ್ ಈ ಒಳ್ಳೆಯ ನಿಯಮವೇ ಒಂದು ಕೆಟ್ಟ ರೂಢಿಗೆ ದಾರಿಯಾಗಿದೆ. ಪರವಾನಗಿ ಇಲ್ಲದವರು ಮನೆಯ ಪೂರ್ತಿ ಕೆಲಸ ಮುಗಿಸುತ್ತಾರೆ; ಆಮೇಲೆ ಪರವಾನಗಿ ಇರುವ ಇನ್ನಾರೋ ಒಬ್ಬರು ಮನೆಯ ಹೊಸ್ತಿಲನ್ನೂ ತುಳಿಯದೆ, ಸಣ್ಣ ಮೊತ್ತ ಪಡೆದು ವರದಿಗೆ ಸಹಿ ಹಾಕುತ್ತಾರೆ. ವರದಿಯಲ್ಲಿ ತಂತಿಯ ಹೊದಿಕೆಯ ನಿರೋಧಕತೆ ಇಷ್ಟು, ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಇಷ್ಟು ಎಂದು ಅಂಕಿಗಳಿರುತ್ತವೆ. ಅವನ್ನು ಯಾರೂ ಅಳೆದಿರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅರ್ಹತೆ ಪರಿಶೀಲನೆಯ ಮುಖ್ಯ ಕೆಲಸವೇ ಇದು: ಸಹಿ ಮಾಡುವವರಿಗೂ ಗೋಡೆಯೊಳಗೆ ತಂತಿ ಎಳೆಯುವವರಿಗೂ ನಿಜವಾದ ಸಂಬಂಧವಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಉಳಿದ ಎಲ್ಲ ಪ್ರಶ್ನೆಗಳೂ ಇದರ ನಂತರದವು. ಮೊದಲ ಭೇಟಿಯಲ್ಲೇ ನೇರವಾಗಿ, ಆದರೆ ಗೌರವದಿಂದ ಕೇಳಿ: "ಪರವಾನಗಿ ನಿಮ್ಮ ಹೆಸರಿನಲ್ಲಿದೆಯೇ? ಕೆಲಸದ ಉಸ್ತುವಾರಿ ನೋಡುವವರು ಯಾರು? ತಂತಿ ಎಳೆಯಲು ಬರುವವರಲ್ಲಿ ಯಾರ ಬಳಿ ಪರ್ಮಿಟ್ ಇದೆ?" ಒಳ್ಳೆಯ ಗುತ್ತಿಗೆದಾರರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಇದನ್ನು ಕೇಳುವ ಮನೆಯವರು ಕಡಿಮೆ ಎಂದು ಅವರಿಗೆ ಸಂತೋಷವೇ ಆಗುತ್ತದೆ. "ಅದೆಲ್ಲ ಮೀಟರ್ ಹಾಕಿಸುವಾಗ ನೋಡಿಕೊಳ್ಳೋಣ, ಸಹಿಗೆ ನಮ್ಮವರೊಬ್ಬರಿದ್ದಾರೆ" ಎಂಬ ಉತ್ತರ ಬಂದರೆ ಅಲ್ಲಿಗೆ ಮಾತು ನಿಲ್ಲಿಸುವುದು ಒಳ್ಳೆಯದು.

ಕಾಗದಗಳನ್ನು ನೋಡುವಾಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಕ್ಕೆ ತೃಪ್ತರಾಗದೆ ಮೂಲ ಪ್ರತಿಯನ್ನೇ ಕೇಳಿ. ಹೆಸರು ನಿಮ್ಮೆದುರು ಕುಳಿತವರದೇ ಅಥವಾ ಅವರ ಸಂಸ್ಥೆಯದೇ, ಅವಧಿ ಮುಗಿದಿದೆಯೇ, ನವೀಕರಣವಾಗಿದೆಯೇ, ಪರವಾನಗಿ ಯಾವ ದರ್ಜೆಯದು, ನಿಮ್ಮ ಕೆಲಸ ಆ ದರ್ಜೆಯ ಮಿತಿಯೊಳಗೆ ಬರುತ್ತದೆಯೇ ಎಂಬುದನ್ನು ಗಮನಿಸಬೇಕು. ಮೇಲ್ವಿಚಾರಕರ ಪ್ರಮಾಣಪತ್ರವನ್ನೂ ವೈರ್‌ಮನ್ ಪರ್ಮಿಟನ್ನೂ ಹೀಗೆಯೇ ನೋಡಿ, ಕೆಲಸ ಶುರುವಾದ ದಿನ ಬಂದವರು ಅವರೇ ಹೌದೇ ಎಂದು ತಾಳೆ ಹಾಕಿ. ಸಂಶಯವಿದ್ದರೆ ಪರವಾನಗಿ ಸಂಖ್ಯೆಯನ್ನು ಬರೆದುಕೊಂಡು ನಿಮ್ಮ ಜಿಲ್ಲೆಯ ಕೆಲಸ ನೋಡುವ ವಿದ್ಯುತ್ ಪರಿವೀಕ್ಷಣಾಲಯದ ಕಚೇರಿಯಲ್ಲಿ ವಿಚಾರಿಸಬಹುದು.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ, ಕೆಲಸದಲ್ಲಿ ನಿಪುಣರಾದ, ಆದರೆ ಇನ್ನೂ ಪರ್ಮಿಟ್ ಮಾಡಿಸಿಕೊಳ್ಳದ ಯುವಕರು ಅನೇಕರಿದ್ದಾರೆ. ಅವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥವರು ಪರವಾನಗಿದಾರರ ಅಡಿಯಲ್ಲಿ, ಪರ್ಮಿಟ್ ಇರುವವರ ಜೊತೆಗೆ ಕೆಲಸ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ನಾಳೆ ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದು ಅನಾಹುತವಾದರೆ 2003ರ ವಿದ್ಯುತ್ ಕಾಯ್ದೆಯಂತೆ ವಿದ್ಯುತ್ ಪರಿವೀಕ್ಷಕರ ವಿಚಾರಣೆ ನಡೆಯಬಹುದು. ಆಗ ವರದಿಯಲ್ಲಿರುವ ಹೆಸರು ಮನೆಯನ್ನು ನೋಡದವರದ್ದಾಗಿದ್ದು, ಮನೆ ನೋಡಿದವರ ಹೆಸರು ಎಲ್ಲಿಯೂ ಇಲ್ಲದಿದ್ದರೆ ಹೊಣೆ ಯಾರದು ಎಂದು ತೋರಿಸಲು ಮನೆಯವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮಾತಿನಲ್ಲೇ ತಿಳಿಯುವ ಸಾಮರ್ಥ್ಯ

ಕಾಗದ ಸರಿಯಿದ್ದವರೆಲ್ಲರ ಕೆಲಸವೂ ಸರಿಯಿರುತ್ತದೆ ಎನ್ನುವಂತಿಲ್ಲ. ವಿದ್ಯುತ್ ವಿಷಯ ತಿಳಿಯದ ಮನೆಯವರೂ ಎರಡು ಮೂರು ಪ್ರಶ್ನೆಗಳಿಂದ ಎದುರಿಗಿರುವವರ ತಿಳಿವಳಿಕೆಯನ್ನು ಅಳೆಯಬಹುದು.

"ನಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ ಬೇಕಾಗುತ್ತದೆ?" ಎಂದು ಮೊದಲು ಕೇಳಿ. ತಿಳಿದವರು ತಕ್ಷಣ ಅಂಕಿ ಹೇಳುವುದಿಲ್ಲ, ತಿರುಗಿ ನಿಮ್ಮನ್ನೇ ಕೇಳುತ್ತಾರೆ: ಗೀಸರ್ ಎಷ್ಟು, ಸೋಲಾರ್ ಇದೆಯೇ, ಅಡುಗೆಗೆ ಇಂಡಕ್ಷನ್ ಒಲೆ ಉಂಟೇ, ಬೋರ್‌ವೆಲ್ ಮೋಟಾರ್ ಎಷ್ಟು ಎಚ್‌ಪಿ, ಮುಂದೆ ಎಸಿ ಹಾಕಿಸುವ ಅಥವಾ ವಿದ್ಯುತ್ ವಾಹನ ಕೊಳ್ಳುವ ಯೋಚನೆ ಇದೆಯೇ. ಎರಡು ಕಿಲೋವ್ಯಾಟಿನ ಎರಡು ಗೀಸರ್ ಮತ್ತು ಅಷ್ಟೇ ಸಾಮರ್ಥ್ಯದ ಒಂದು ಇಂಡಕ್ಷನ್ ಒಲೆ ಬೆಳಗಿನ ಹೊತ್ತು ಒಟ್ಟಿಗೆ ಓಡಿದರೆ ಅಷ್ಟಕ್ಕೇ 6 ಕಿಲೋವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 26 ಆಂಪಿಯರ್ ಆಯಿತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುವವರಿಗೂ "ಎಲ್ಲ ಮನೆಗೂ ಇಷ್ಟೇ ಹಾಕುತ್ತೇವೆ" ಎನ್ನುವವರಿಗೂ ಇರುವ ಅಂತರ ನಿಮಗೇ ಕಾಣುತ್ತದೆ.

ಎರಡನೆಯ ಪ್ರಶ್ನೆ ತಂತಿ ಮತ್ತು ಎಂಸಿಬಿಯ (ಮಿತಿಮೀರಿ ವಿದ್ಯುತ್ ಹರಿದಾಗ ತಾನಾಗಿ ಬಿದ್ದು, ಅಂದರೆ ಆರಿ, ಸಂಪರ್ಕ ಕಡಿಯುವ ಸ್ವಿಚ್ಚಿನ) ಜೋಡಿಯದು. ಮನೆಗಳಲ್ಲಿ ಸಾಮಾನ್ಯವಾಗಿ ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಂತಿ ಎಳೆಯುತ್ತಾರೆ. ಎಂಸಿಬಿ ಇರುವುದು ಈ ತಂತಿ ಬಿಸಿಯಾಗಿ ಕರಗದಂತೆ ಕಾಯಲು. ಹಾಗಾಗಿ ಎಂಸಿಬಿಯ ಆಂಪಿಯರ್ ತಂತಿಯ ಶಕ್ತಿಗಿಂತ ಹೆಚ್ಚಾಗಬಾರದು. "16 ಆಂಪಿಯರ್ ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿ ನೋಡಿ. "32ರದು ಹಾಕಿಬಿಡುತ್ತೇವೆ" ಎಂದವರ ಕೈಗೆ ಮನೆಯನ್ನು ಕೊಡಬೇಡಿ. ಅದು ಬೀಳುವ ಕಾರಣ ಹುಡುಕದೆ ಕಾವಲುಗಾರನನ್ನೇ ಕೆಲಸದಿಂದ ತೆಗೆದ ಹಾಗೆ.

ಮೂರನೆಯದು ಆರ್‌ಸಿಸಿಬಿಯ (ವಿದ್ಯುತ್ ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಸಾಧನದ) ಪ್ರಶ್ನೆ, ಮೂರರಲ್ಲಿ ಇದೇ ಮುಖ್ಯವಾದುದು. "ಅರ್ಥಿಂಗ್ ಚೆನ್ನಾಗಿ ಮಾಡಿದ ಮೇಲೆ ಆರ್‌ಸಿಸಿಬಿ ಯಾಕೆ ಬೇಕು?" ಎಂದು ಕೇಳಿ. ಇದಕ್ಕೆ ಸರಿಯಾದ ಉತ್ತರ ಒಂದು ಸರಳ ಭಾಗಾಕಾರದಲ್ಲಿದೆ. ಅರ್ಥಿಂಗ್ ಗುಂಡಿಯ ರೋಧ 5 ಓಂ ಇದೆ ಎಂದುಕೊಳ್ಳಿ. ಗೀಸರಿನ ಒಳಗೆ ಫೇಸ್ ತಂತಿ (ವಿದ್ಯುತ್ ತರುವ ತಂತಿ) ಲೋಹದ ಮೈಗೆ ತಾಗಿದರೆ ಆ ಗುಂಡಿಯ ಮೂಲಕ ನೆಲಕ್ಕೆ ಹರಿಯುವ ವಿದ್ಯುತ್ 230ನ್ನು 5ರಿಂದ ಭಾಗಿಸಿದಷ್ಟು, ಹೆಚ್ಚೆಂದರೆ 46 ಆಂಪಿಯರ್. ಮನೆಗಳಲ್ಲಿ ಬಳಸುವ ಸಿ ಮಾದರಿಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 46 ಆಂಪಿಯರಿಗೆ ಅದು ಬಿಸಿಯಾಗುತ್ತ ಕೂರುತ್ತದೆ, ಬೀಳಲು ಹಲವು ಸೆಕೆಂಡುಗಳು ಹಿಡಿಯಬಹುದು. ಅಷ್ಟು ಹೊತ್ತು ಗೀಸರಿನ ಮೈಯಲ್ಲಿ ಅಪಾಯಕಾರಿ ವೋಲ್ಟೇಜ್ ಇರುತ್ತದೆ. ಆರ್‌ಸಿಸಿಬಿ ಫೇಸಿನಲ್ಲಿ ಹೋದ ವಿದ್ಯುತ್ತಿಗೂ ನ್ಯೂಟ್ರಲ್‌ನಲ್ಲಿ ಮರಳಿದ ವಿದ್ಯುತ್ತಿಗೂ ವ್ಯತ್ಯಾಸ ನೋಡಿ, ಮನೆಗಳಿಗೆ ಹಾಕುವ 30 ಮಿಲಿಆಂಪಿಯರಿನದಾದರೆ ಅಷ್ಟು ಸಣ್ಣ ಸೋರಿಕೆಗೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಮನುಷ್ಯನ ಜೀವ ಉಳಿಸುವ ಸಾಧನ ಅದೇ.

ಗುತ್ತಿಗೆದಾರರು ಇಷ್ಟು ಅಂಕಿಗಳನ್ನು ಹೇಳಬೇಕೆಂದಿಲ್ಲ. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ ಎಂಬಷ್ಟು ವಿವೇಚನೆ ಮಾತಿನಲ್ಲಿ ಕಂಡರೆ ಸಾಕು. "ಆರ್‌ಸಿಸಿಬಿ ಹಾಕಿದರೆ ಮಳೆಗಾಲದಲ್ಲಿ ಸುಮ್ಮನೆ ಬೀಳುತ್ತಿರುತ್ತದೆ, ಬೇಡ ಬಿಡಿ" ಎಂಬ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಅದು ಸುಮ್ಮನೆ ಬೀಳುವುದು ಅಪರೂಪ. ಎಲ್ಲೋ ಸೋರಿಕೆ ಇರುತ್ತದೆ, ಇಲ್ಲವೇ ಎರಡು ಬೇರೆ ಸರ್ಕ್ಯೂಟುಗಳ ನ್ಯೂಟ್ರಲ್ ಸ್ವಿಚ್‌ಬೋರ್ಡಿನಲ್ಲಿ ಒಂದಕ್ಕೊಂದು ಸೇರಿಹೋಗಿರುತ್ತದೆ, ಅಥವಾ ನ್ಯೂಟ್ರಲ್ ಎಲ್ಲಿಯೋ ಅರ್ಥಿಗೆ ತಾಗಿರುತ್ತದೆ. ಇನ್ವರ್ಟರ್ ಲೈನ್ ಕೂಡಿಸುವಾಗ ಈ ತಪ್ಪು ಹೆಚ್ಚಾಗಿ ಆಗುತ್ತದೆ. ತಪ್ಪನ್ನು ಹುಡುಕಿ ಸರಿಪಡಿಸುವ ಸಾಮರ್ಥ್ಯವಿಲ್ಲದವರೇ ಸಾಧನವನ್ನು ಬೇಡವೆನ್ನುತ್ತಾರೆ.

ಹಳೆಯ ಕೆಲಸವನ್ನು ಹೋಗಿ ನೋಡುವುದು

ಗುತ್ತಿಗೆದಾರರು ಕಳೆದ ತಿಂಗಳು ಮುಗಿಸಿದ ಮನೆಯನ್ನು ನೋಡಿ ಪ್ರಯೋಜನ ಕಡಿಮೆ. ಎರಡು ಮೂರು ವರ್ಷ ಹಳೆಯದಾದ ಮನೆಯ ವಿಳಾಸ ಕೇಳಿ, ಮನೆಯವರ ಒಪ್ಪಿಗೆ ಪಡೆದು ಹೋಗಿ. ಅಲ್ಲಿನ ಗೃಹಿಣಿಯನ್ನೋ ಹಿರಿಯರನ್ನೋ ಕೇಳಬೇಕಾದ ಮಾತುಗಳು ಸರಳವಾದವು. ಮಳೆಗಾಲದಲ್ಲಿ ನಲ್ಲಿ, ಗೋಡೆ ಅಥವಾ ಫ್ರಿಜ್ಜಿನ ಬಾಗಿಲು ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಗೀಸರ್ ಓಡುವಾಗ ದೀಪ ಮಂಕಾಗುತ್ತದೆಯೇ? ಯಾವುದಾದರೂ ಸ್ವಿಚ್ಚು ಬಿಸಿಯಾಗುತ್ತದೆಯೇ? ಏನಾದರೂ ಕೆಟ್ಟಾಗ ಕರೆದರೆ ಗುತ್ತಿಗೆದಾರರು ಬಂದರೇ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ಉಳಿದೆಲ್ಲಕ್ಕಿಂತ ಉಪಯುಕ್ತ.

ಅನಂತರ ಡಿಬಿಯ (ಎಂಸಿಬಿಗಳನ್ನು ಜೋಡಿಸಿರುವ ಪೆಟ್ಟಿಗೆಯ) ಮುಚ್ಚಳವನ್ನು ಗುತ್ತಿಗೆದಾರರಿಂದಲೇ ತೆಗೆಸಿ ದೂರದಿಂದ ನೋಡಿ; ನೀವಾಗಿ ಅದಕ್ಕೆ ಕೈ ಹಾಕಬೇಡಿ. ಅರ್ಹರು ಮಾಡಿದ ಡಿಬಿಯಲ್ಲಿ ಪ್ರತಿ ಎಂಸಿಬಿಯ ಮೇಲೂ ಅದು ಯಾವ ಕೋಣೆಯದು ಎಂದು ಬರೆದಿರುತ್ತದೆ. ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ ಹಸಿರು ಎಂಬ ಬಣ್ಣದ ಶಿಸ್ತು ಎಲ್ಲ ಕಡೆಯೂ ಒಂದೇ ರೀತಿ ಇರುತ್ತದೆ. ನ್ಯೂಟ್ರಲ್ ಪಟ್ಟಿಯೂ ಅರ್ಥ್ ಪಟ್ಟಿಯೂ ಬೇರೆ ಬೇರೆ ಇರುತ್ತವೆ. ತಂತಿಯ ತುದಿಗೆ ಲಗ್ ಎಂಬ ಲೋಹದ ತೊಡಿಗೆ ಹಾಕಿ ಒತ್ತಿರುತ್ತಾರೆ. ಒಂದೇ ಸ್ಕ್ರೂವಿನ ಕೆಳಗೆ ಮೂರು ನಾಲ್ಕು ತಂತಿಗಳನ್ನು ತುರುಕಿರುವುದಿಲ್ಲ. ಎಳೆ ಹೊರಚಾಚಿದ ತಾಮ್ರ, ಕಂದು ಬಣ್ಣಕ್ಕೆ ತಿರುಗಿದ ನಿರೋಧಕ, ಹಸಿರು ತಂತಿಯನ್ನೇ ಫೇಸಾಗಿ ಬಳಸಿರುವುದು, ಇವುಗಳಲ್ಲಿ ಒಂದು ಕಂಡರೂ ಆ ಕೈ ನಮಗೆ ಬೇಡ. ಹಸಿರು ತಂತಿಯ ತಪ್ಪು ವಿಶೇಷವಾಗಿ ಅಪಾಯಕಾರಿ, ಏಕೆಂದರೆ ಮುಂದೆ ದುರಸ್ತಿಗೆ ಬರುವವರು ಅದನ್ನು ಅರ್ಥ್ ಎಂದು ನಂಬಿ ಮುಟ್ಟುತ್ತಾರೆ.

ಒಂದು ಸಾಕೆಟ್ಟನ್ನೂ ಪರೀಕ್ಷಿಸಲು ಹೇಳಿ. ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ರಂಧ್ರ ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ದೀಪದ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಟೆಸ್ಟರ್ ಉರಿದರೆ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ ಎಂದರ್ಥ. ಆ ಮನೆಯಲ್ಲಿ ಸ್ವಿಚ್ ಆರಿಸಿ ಬಲ್ಬು ಬದಲಿಸುವವರಿಗೂ ಶಾಕ್ ಹೊಡೆಯಬಹುದು.

ಚೀಲದಲ್ಲಿ ಏನೇನಿದೆ

ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಟೆಸ್ಟರ್ ಎಲ್ಲರ ಬಳಿಯೂ ಇರುತ್ತವೆ. ಗುತ್ತಿಗೆದಾರರ ಬಳಿ ಮೆಗ್ಗರ್ (ನಿರೋಧಕತೆ ಅಳೆಯುವ ಉಪಕರಣ) ಮತ್ತು ಅರ್ಥ್ ಟೆಸ್ಟರ್ ಇವೆಯೇ ಎಂದು ಕೇಳಿ, ತೋರಿಸಲು ಹೇಳಿ. ಇವೆರಡೂ ಇಲ್ಲದವರು ಪರೀಕ್ಷಾ ವರದಿಯಲ್ಲಿ ಬರೆಯುವ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೆಗ್ಗರ್ ಪರೀಕ್ಷೆಯನ್ನು ಮೇನ್ ಆರಿಸಿ, ಬಲ್ಬು ಹಾಗೂ ಉಪಕರಣಗಳನ್ನು ಬಿಡಿಸಿಟ್ಟು ಮಾಡುತ್ತಾರೆ: 500 ವೋಲ್ಟಿನ ಏಕಮುಖ ವಿದ್ಯುತ್ ಕೊಟ್ಟು ಫೇಸ್ ಮತ್ತು ನ್ಯೂಟ್ರಲ್ ನಡುವೆ, ಇವೆರಡಕ್ಕೂ ಅರ್ಥಿಗೂ ನಡುವೆ ನಿರೋಧಕತೆಯನ್ನು ಅಳೆಯುತ್ತಾರೆ. ಅದು 1 ಮೆಗಾಓಮಿಗಿಂತ ಕಡಿಮೆ ಇರಬಾರದು. ಹೊಸ ತಂತಿಯ, ಒಣಗಿದ ಗೋಡೆಯ ಮನೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಬರಬೇಕು. 1ರ ಆಸುಪಾಸಿನಲ್ಲೇ ನಿಂತರೆ ಪೈಪಿನೊಳಗೆ ನೀರಿದೆಯೋ, ಎಳೆಯುವಾಗ ತಂತಿಯ ಸಿಪ್ಪೆ ಸುಲಿದಿದೆಯೋ ಎಂದು ಹುಡುಕಬೇಕು.

ಅರ್ಥಿಂಗ್ ಅಳತೆಯಲ್ಲಿ ಕಾಲವನ್ನೂ ಗಮನಿಸಿ. ಮಳೆಗಾಲದ ಹಸಿ ನೆಲದಲ್ಲಿ ಕಡಿಮೆ ಬಂದ ರೋಧ ಏಪ್ರಿಲ್, ಮೇ ತಿಂಗಳ ಒಣ ನೆಲದಲ್ಲಿ ಏರಿರುತ್ತದೆ. ಬಂಡೆ ನೆಲದಲ್ಲಿ ಒಂದು ಗುಂಡಿ ಸಾಲದೆ ಎರಡು ಬೇಕಾಗಬಹುದು. "ನಮ್ಮ ನಿವೇಶನದ ನೆಲ ಎಂಥದು, ಅರ್ಥಿಂಗ್ ಎಲ್ಲಿ ಹಾಕುತ್ತೀರಿ?" ಎಂದು ಕೇಳಿದಾಗ ನಿವೇಶನವನ್ನೊಮ್ಮೆ ಸುತ್ತಿ ನೋಡಿ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ.

ದರಪಟ್ಟಿ ಮತ್ತು ಕರಾರು

ಮೂವರಿಂದ ದರಪಟ್ಟಿ ತರಿಸುವುದು ಒಳ್ಳೆಯ ಪದ್ಧತಿ, ಆದರೆ ಮೂರೂ ಒಂದೇ ಕೆಲಸದ ಬೆಲೆ ಹೇಳುತ್ತಿರಬೇಕು. ಒಟ್ಟು ಮೊತ್ತವನ್ನಷ್ಟೇ ಬರೆದುಕೊಟ್ಟ ಚೀಟಿಯನ್ನು ಹೋಲಿಸಲಾಗದು. ಪಾಯಿಂಟುಗಳ ಸಂಖ್ಯೆ, ಪ್ರತಿ ಸರ್ಕ್ಯೂಟಿನ ತಂತಿಯ ಗಾತ್ರ, ತಂತಿ ಮತ್ತು ಸ್ವಿಚ್ಚುಗಳ ಕಂಪನಿ, ಎಂಸಿಬಿ ಮತ್ತು ಆರ್‌ಸಿಸಿಬಿಗಳ ಆಂಪಿಯರ್ ಮತ್ತು ಸಂಖ್ಯೆ, ಅರ್ಥಿಂಗ್ ಗುಂಡಿಗಳು, ಗೋಡೆ ಕೊರೆದು ಮುಚ್ಚುವ ಕೂಲಿ ಯಾರದು, ಕೊನೆಯ ಪರೀಕ್ಷೆ ಮತ್ತು ವರದಿ ಇದರಲ್ಲಿ ಸೇರಿದೆಯೇ, ಇಷ್ಟೂ ಅದರಲ್ಲಿರಲಿ. ತೀರ ಕಡಿಮೆ ದರ ಹೇಳಿದವರು ಸಾಮಾನ್ಯವಾಗಿ ತಂತಿಯ ಗಾತ್ರದಲ್ಲೋ ಆರ್‌ಸಿಸಿಬಿಯಲ್ಲೋ ಅರ್ಥಿಂಗಿನಲ್ಲೋ ಉಳಿಸಿರುತ್ತಾರೆ.

ಸಾಮಗ್ರಿ ನೀವೇ ಕೊಳ್ಳುವುದಾದರೆ ಮನೆಗಳಲ್ಲಿ ಬಳಸುವ ಪಿವಿಸಿ ತಂತಿಯ ಮೈಮೇಲೆ ಐಎಸ್ 694 ಎಂಬ ಮಾನಕ ಸಂಖ್ಯೆ ಮತ್ತು ಗಾತ್ರ ಅಚ್ಚಾಗಿದೆಯೇ, ಐಎಸ್‌ಐ ಗುರುತು ಇದೆಯೇ, ಕಾಯಿಲ್ 90 ಮೀಟರಿನದೇ ಎಂದು ನೋಡಿ. "ಇಂಥ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು" ಎಂದು ಗುತ್ತಿಗೆದಾರರು ಹಟ ಹಿಡಿದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಹದಿನೈದು ಮೀಟರಿಗಿಂತ ಎತ್ತರದ ಬಹುಮಹಡಿ ಕಟ್ಟಡವಾದರೆ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಬೇರೆ ಬೇಕಾಗುತ್ತದೆ; ಅಂಥ ಕೆಲಸದ ಅನುಭವ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಹಣವನ್ನು ಹಂತಕ್ಕೆ ಸರಿಯಾಗಿ ಕೊಡುವಂತೆ ಕರಾರು ಬರೆಯಿರಿ: ಸ್ಲ್ಯಾಬಿನಲ್ಲಿ ಪೈಪು ಹಾಕಿದಾಗ ಒಂದು ಭಾಗ, ಗೋಡೆಯ ಪೈಪು ಮತ್ತು ಬಾಕ್ಸು ಕೂರಿಸಿದಾಗ ಒಂದು ಭಾಗ, ತಂತಿ ಎಳೆದಾಗ ಒಂದು ಭಾಗ, ಸ್ವಿಚ್ಚು ಹಾಗೂ ಡಿಬಿ ಜೋಡಿಸಿದಾಗ ಒಂದು ಭಾಗ. ಪ್ಲಾಸ್ಟರ್ ಮಾಡುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಲು ಅವಕಾಶವಿರಬೇಕು. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಪೈಪಿನೊಳಗೆ ಎಲ್ಲಿಯೂ ತಂತಿ ಜೋಡಿಸಿ ಟೇಪ್ ಸುತ್ತುವುದಿಲ್ಲ ಎಂಬ ಮಾತನ್ನೂ ಬರೆಸಿ. ಒಟ್ಟು ಮೊತ್ತದ ಕನಿಷ್ಠ ಹತ್ತನೇ ಒಂದು ಭಾಗ ಉಳಿಸಿಕೊಂಡು, ನಿಮ್ಮೆದುರಿಗೇ ಮೆಗ್ಗರ್ ಮತ್ತು ಅರ್ಥಿಂಗ್ ಪರೀಕ್ಷೆ ನಡೆದು, ಪ್ರತಿ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುವುದನ್ನು ತೋರಿಸಿ, ಆ ಅಂಕಿಗಳಿರುವ ವರದಿಗೆ ಪರವಾನಗಿದಾರರೇ ಸ್ಥಳದಲ್ಲಿ ಸಹಿ ಮಾಡಿ ಒಂದು ಪ್ರತಿಯನ್ನು ನಿಮ್ಮ ಕೈಗೆ ಕೊಟ್ಟ ಮೇಲೆ ಆ ಬಾಕಿಯನ್ನು ಸಲ್ಲಿಸಿ.